ಬಾವಿಕೇರಿಯ ಕರಿನಾಲಿಗೆ

ಎಜಿಸ್ತೊ ಬಾಯಿತಪ್ಪಿ ಆಡಿದ್ದು ಒಂದೇ ಮಾತು, ಅದೂ ಒಳ್ಳೆಯ ಮಾತು. ಬೇರೆ ಊರಲ್ಲಿ ಆಡಿದ್ದರೆ ಯಾರಾದರೂ ಕರೆದು ಒಂದು ಲೋಟ ವೈನು ಕುಡಿಸುತ್ತಿದ್ದರು. ಅವನು ಆಡಿದ್ದು ನಮ್ಮ ಬೆಟ್ಟದೂರು ರೊಕ್ಕಸ್ಪಿನದಲ್ಲಿ, ಬಿಲ್ಲುಪಂದ್ಯದ ದಿನ ಬೆಳಿಗ್ಗೆ, ಬಿಲ್ಲುಗಾರನ ಮುಖದೆದುರೇ.

ಊರಿಗೆ ಎರಡು ಕೇರಿ, ಕೆಳಗೆ ಬಾವಿಕೇರಿ, ಮೇಲೆ ಗೋಪುರಕೇರಿ; ವರ್ಷಕ್ಕೊಮ್ಮೆ ಬಿಲ್ಲುಪಂದ್ಯ ಇವೆರಡರ ನಡುವೆ. ಎಜಿಸ್ತೊ ಬಾವಿಕೇರಿಯ ಕ್ಷೌರಿಕ. ಅವತ್ತು ಅಂಗಡಿ ಬಾಗಿಲು ತೆಗೆದ ಕೂಡಲೇ ಮೊಮ್ಮಗಳ ನಾಮಕರಣಕ್ಕೆ ಹೊರಟ ಕೆಳಗಿನ ಹಳ್ಳಿಯವನೊಬ್ಬ ಗಡ್ಡ ಕೆರೆಸಿಕೊಳ್ಳಲು ಬಂದ. ಮುಗಿದ ಮೇಲೆ ಎಜಿಸ್ತೊ ಟವೆಲ್ಲು ಕೊಡವಿ, “ಒಳ್ಳೇದಾಗ್ಲಿ ಅಣ್ಣಾ” ಅಂದು ಕಳಿಸಿದ. ನಾಮಕರಣಕ್ಕೆ ಹೋಗುವವನಿಗೆ ಹಾಗೇ ಅನ್ನಬೇಕು, ತಪ್ಪೇನಿಲ್ಲ. ಅವನೆದ್ದ ಕುರ್ಚಿಗೆ ಬಾವಿಕೇರಿಯ ಬಿಲ್ಲುಗಾರ ಫೋಲ್ಕೊ ಬಂದು ಕೂತ. ಎಜಿಸ್ತೊನ ಕೈ ಫೋಲ್ಕೊನ ಗಡ್ಡದ ಮೇಲಿತ್ತು, ಮನಸ್ಸು ಫೋಲ್ಕೊನ ಸೋದರತ್ತೆ ಇಯೊಲಾಂದಳ ಮೇಲಿತ್ತು. ಗಾಣದೆತ್ತು ಕಣ್ಣು ಮುಚ್ಚಿಕೊಂಡೇ ಸುತ್ತುವ ಹಾಗೆ, ನಾಲಿಗೆ ಆಗಷ್ಟೇ ಸುತ್ತಿಬಂದ ದಾರಿಯನ್ನೇ ಇನ್ನೊಮ್ಮೆ ಸುತ್ತಿತು. ಟವೆಲ್ಲು ಕೊಡವಿದ. “ಒಳ್ಳೇದಾಗ್ಲಿ ಕಣಪ್ಪಾ” ಅಂದ.

ಅಂಗಡಿಯಲ್ಲಿ ಹಾರುತ್ತಿದ್ದ ನೊಣ ಕೂಡ ಕನ್ನಡಿಯ ಮೇಲೆ ಕೂತುಬಿಟ್ಟಿತು.

ಪಂದ್ಯಕ್ಕೆ ಹೊರಟವನಿಗೆ ನಮ್ಮೂರಲ್ಲಿ ಯಾರೂ ಒಳ್ಳೇದಾಗಲಿ ಅನ್ನುವುದಿಲ್ಲ. ಅಂದರೆ ಕೆಟ್ಟದ್ದೇ ಆಗುತ್ತದೆ. ಗೆಲ್ಲಲಿ ಅನ್ನಿಸಿದರೆ “ತೋಳದ ಬಾಯಿಗೆ ಬೀಳು” ಅನ್ನಬೇಕು. ಅದಕ್ಕವನು “ಸಾಯ್ಲಿ ತೋಳ” ಅನ್ನಬೇಕು. ಮೊಲೆಹಾಲು ಬಿಡದ ಕೂಸಿಗೂ ಇದು ಗೊತ್ತು. ಬಿಲ್ಲು ಹಿಡಿದವನಿಗೆ ಒಳ್ಳೆಯದನ್ನು ಹಾರೈಸುವುದೂ ಒಂದೇ, ಅವನ ಕೈ ಕಡಿಯುವುದೂ ಒಂದೇ.

ಫೋಲ್ಕೊ ಕುರ್ಚಿಯಿಂದ ಏಳುವ ಬದಲು ಕುರ್ಚಿಯೊಳಕ್ಕೇ ಇಳಿದ. “ಏನಂದೆ ಮಾವಾ?”

“ಏನೂ ಅನ್ಲಿಲ್ಲ.”

“ಅಂದೆ! ನನ್ನ ಕಿವಿಯಾರೆ ಕೇಳ್ದೆ!” ಅಂತ ಮೂಲೆಯಿಂದೆದ್ದವನು ನಜ್ಜರೇನೊ. ಈತ ಬಾವಿಕೇರಿಯ ನಗಾರಿಯವನು. ಮೊದಲು ಅಂಚೆಯವನಾಗಿದ್ದ. ಕಾಗದಗಳನ್ನು ತಡವಾಗಿ, ಸುದ್ದಿಗಳನ್ನು ಮಾತ್ರ ಬೇಗ ಮುಟ್ಟಿಸಿ ನಿವೃತ್ತನಾದವನು. ಬಾವಿಕೇರಿ ಕೊನೆಯ ಸಲ ಗೆದ್ದಾಗ ಅವನ ಕಾಲು ಉಳುಕಿತ್ತು. ಗೆದ್ದ ವರ್ಷದ್ದು ಏನನ್ನೂ ಬದಲಿಸಬಾರದು ಅನ್ನುವುದು ಕೇರಿಯ ಕಟ್ಟಳೆ. ಆದ್ದರಿಂದ ಕಾಲು ವಾಸಿಯಾಗಿ ಎಷ್ಟೋ ವರ್ಷವಾದರೂ ಪಂದ್ಯದ ದಿನ ಅವನು ಕುಂಟುತ್ತಲೇ ನಡೆಯುತ್ತಾನೆ. ಅವತ್ತು ಮಾತ್ರ ಕುಂಟುವುದನ್ನೂ ಮರೆತು ಬೀದಿಗೆ ಓಡಿದ. “ಕೇಳಿದ್ರಾ! ಎಜಿಸ್ತೊ ಹುಡುಗನ್ನ ಹಾಳು ಮಾಡ್ದ! ಒಳ್ಳೇದಾಗ್ಲಿ ಅಂದ್ಬಿಟ್ಟ!”

ಕಿಟಕಿಗಳು ಒಂದಾದ ಮೇಲೊಂದು ತೆರೆದುಕೊಂಡವು. ಕೆಡುಕು ತಾಗದಿರಲಿ ಅಂತ ಒಬ್ಬಳು ಕೈಗೆ ಸಿಕ್ಕ ಕಬ್ಬಿಣದ ಬಾಣಲಿ ಮುಟ್ಟಿಕೊಂಡಳು, ಇನ್ನೊಬ್ಬಳು ಕಿಟಕಿಯ ಸರಳನ್ನೇ ಅಪ್ಪಿಕೊಂಡಳು.

ಎಜಿಸ್ತೊನಿಗೆ ಕೇರಿಯವರ ಚಿಂತೆಯಿರಲಿಲ್ಲ, ಇಯೊಲಾಂದಳ ಚಿಂತೆಯಿತ್ತು. ಅವಳ ಅಣ್ಣ ಗಾಸ್ತೊನೆ ಮಾಂಸದಂಗಡಿಯವನು, ಬಾವಿಕೇರಿಯ ನಾಯಕ, ಫೋಲ್ಕೊನ ಅಪ್ಪ. ಈ ಗಾಸ್ತೊನೆ ಹಿಂದೊಮ್ಮೆ ತಾನೇ ಬಿಲ್ಲು ಹಿಡಿದು, ಹಂದಿಯಾಕಾರದ ಗುರಿಹಲಗೆಯನ್ನು ಬಿಟ್ಟು ಮೇಯರನ ಟೋಪಿಗೆ ಬಾಣ ಹೊಡೆದಿದ್ದ. ಊರೆಲ್ಲ ನಕ್ಕ ಸಿಟ್ಟಿಗೆ ಇಗರ್ಜಿಗೆ ಹೋಗಿ, “ಬಾವಿಕೇರಿ ಗೆಲ್ಲೋವರೆಗೂ ನನ್ನ ಮನೇಲಿ ಮದುವೆ ಊಟ ನಡೆಯಲ್ಲ” ಅಂತ ಸಂತನ ಮುಂದೆ ಆಣೆಯಿಟ್ಟ. ಟೋಪಿ ಮೇಯರನದು, ಬಾಣ ಗಾಸ್ತೊನೆಯದು, ಆಣೆಯೂ ಅವನದೇ. ಮದುವೆಗೆ ಕಾದವರು ಮಾತ್ರ ಎಜಿಸ್ತೊ ಮತ್ತು ಇಯೊಲಾಂದ. ನಾಯಕರ ಆಣೆಗಳೆಲ್ಲ ಹೀಗೇ ಇರುತ್ತವೆ, ಉಪವಾಸ ಬೇರೆಯವರದು.

ಹನ್ನೊಂದು ವರ್ಷ ಕಾದ ಇಯೊಲಾಂದ ಹಿಂದಿನ ದಿನ ಫೋಲ್ಕೊನ ಪಂದ್ಯದಂಗಿಗೆ ತೋಳು ಹೊಲಿಯುತ್ತಾ ಹೇಳಿದ್ದಳು: “ನೋಡು ಎಜಿಸ್ತೊ, ಈ ಸಲಾನೂ ಸೋತ್ರೆ ನಾನು ಲಿವೊರ್ನೊಗೆ ಹೋಗಿ ಅಕ್ಕನ ಮನೇಲಿ ಮೀನು ಹುರೀತಾ ಕೂತ್ಕೋತೀನಿ. ನೀನಿಲ್ಲಿ ಕಂಡೋರ ಗಡ್ಡ ಕೆರೀತಾ ಇರು.” ಅವಳು ಹೇಳಿದರೆ ಹೇಳಿದ ಹಾಗೆ. ಸೂಜಿಯ ತುದಿಯನ್ನು ಅವನ ಕಡೆಗೇ ಹಿಡಿದು ಹೇಳಿದ್ದಳು.

ಕೇರಿಯ ನಡುವಿನ ಬಾವಿಕಟ್ಟೆಯ ಹತ್ತಿರ ಎಜಿಸ್ತೊನನ್ನು ಎಳೆತಂದು ನಿಲ್ಲಿಸುವಷ್ಟರಲ್ಲಿ ಗಾಸ್ತೊನೆ ಅಂಗಡಿಯಿಂದ ಬಂದ. ಕೈಯಲ್ಲಿ ಮಾಂಸ ಕಡಿಯುವ ಮಚ್ಚು ಹಾಗೇ ಇತ್ತು.

“ಯಾವ ಜನ್ಮದ ವೈರ ಕಣೋ ನಿಂಗೆ? ಗೋಪುರಕೇರಿಯೋರು ನಿಂಗೇನು ಲಂಚ ಕೊಟ್ರು?”

“ಬಾಯಿ ತಪ್ಪಿ ಬಂತು ನಾಯಕ್ರೇ.”

“ಬಾಯಿ ತಪ್ಪೋದು ಬೇರೆಯೋರ್ಗೆ. ನಿನ್ನದು ಕರಿನಾಲಿಗೆ!”

“ಸುಮ್ನೆ ಗಾಬರಿ ಬೇಡಿ, ಮೊದ್ಲು ಹುಡುಗನ ಕೈ ನೋಡೋಣ” ಅಂದ ನಜ್ಜರೇನೊ, ಗಾಬರಿ ಹಬ್ಬಿಸಿದವನೇ ಅವನು. ಫೋಲ್ಕೊನ ಕೈಗೆ ಬಿಲ್ಲು ಕೊಟ್ಟರು. ಬಾವಿಯ ಆಚೆ ಒಂದು ಕುಂಬಳಕಾಯಿ ಇಟ್ಟರು. ಫೋಲ್ಕೊ ಹೆದೆ ಎಳೆದ. ಬಿಲ್ಲು ಚಳಿ ಹಿಡಿದ ಮುದುಕನ ಗದ್ದದ ಹಾಗೆ ನಡುಗಿತು. ಬಾಣ ಕುಂಬಳಕಾಯಿಯ ಕಡೆ ತಿರುಗಿಯೂ ನೋಡದೆ ಬೀದಿ ದಾಟಿ, ಗಾಸ್ತೊನೆಯ ಅಂಗಡಿಯೊಳಗೆ ನೇತಾಡುತ್ತಿದ್ದ ಒಣಗಿಸಿದ ಹಂದಿತೊಡೆಗೆ ನಾಟಿತು.

ತೊಡೆ ಕೊಕ್ಕೆಯಲ್ಲೇ ಎರಡು ಸುತ್ತು ತಿರುಗಿತು.

“ಹಂದೀಗೇ ಅಲ್ವೇನಪ್ಪಾ ಬಿದ್ದಿದ್ದು?” ಅಂದ ಫೋಲ್ಕೊ ಸಣ್ಣ ದನಿಯಲ್ಲಿ.

ಗಾಸ್ತೊನೆ ಮಗನಿಗೆ ಹೊಡೆಯಲು ಕೈಯೆತ್ತಿ, ಕೈಯಲ್ಲಿ ಮಚ್ಚಿರುವುದು ನೆನಪಾಗಿ ಇಳಿಸಿದ.

ಆಗ ಜೆಲಿಂದಜ್ಜಿ ತಟ್ಟೆ ಹಿಡಿದು ಬಂದಳು. ಬಾವಿಕೇರಿಯಲ್ಲಿ ದೃಷ್ಟಿ ತೆಗೆಯುವುದು ಅವಳೊಬ್ಬಳೇ. ಕೇರಿಯ ಮಕ್ಕಳಿಗೆ ಜ್ವರ ಬಂದರೆ ವೈದ್ಯನಿಗಿಂತ ಮೊದಲು ಅವಳ ತಟ್ಟೆ ಬರುತ್ತದೆ. ತಟ್ಟೆಯ ನೀರಿಗೆ ಒಂದು ತೊಟ್ಟು ಆಲಿವ್ ಎಣ್ಣೆ ಬಿಟ್ಟಳು. ಎಣ್ಣೆ ಗುಂಡಗೆ ನಿಂತರೆ ಏನೂ ಇಲ್ಲ ಅಂತ, ಹರಡಿದರೆ ತಗುಲಿದೆ ಅಂತ. ಎಣ್ಣೆ ಹರಡಿದ್ದೂ ಅಲ್ಲದೆ ತಟ್ಟೆಯ ಅಂಚಿಗೇ ಬಂದು ನಿಂತಿತು.

“ನನ್ನ ಆಯಸ್ಸಿನಲ್ಲೇ ಇಂಥಾದ್ದು ಕಂಡಿಲ್ಲ” ಅಂದಳು ಅಜ್ಜಿ. ದನಿಯಲ್ಲಿ ಸಂಕಟಕ್ಕಿಂತ ಸಂತೋಷ ಹೆಚ್ಚಿತ್ತು. “ಇವನ ಅಂಗಿ ಬಿಚ್ಚಿ ಒಳಮಗ್ಗುಲು ಹೊರಗೆ ಮಾಡಿ ತೊಡಿಸಿ. ಬೂಟಿನೊಳಗೆ ಉಪ್ಪು ಹಾಕಿ. ಕುತ್ತಿಗೆಗೆ ಕುದುರೆ ಲಾಳ ಕಟ್ಟಿ.”

“ಅಜ್ಜೀ, ದೃಷ್ಟಿ ತಗುಲಿರೋದು ಫೋಲ್ಕೊಗೆ. ಉಪ್ಪು ನನ್ನ ಬೂಟಿಗ್ಯಾಕೆ?”

“ಬಾವೀಲಿ ಇಲಿ ಸತ್ತಿದ್ರೆ ಕೊಡಪಾನ ತೊಳೀತಾರೇನೋ? ಬಾವೀನೇ ತೊಳೀಬೇಕು.”

ತೊಳೆದರು. ಕೈಗೊಬ್ಬರು ಕಾಲಿಗೊಬ್ಬರು ಹಿಡಿದುಕೊಂಡು ಅಂಗಿ ತಿರುಗಿಸಿದರು. ಉಪ್ಪು ಹಾಕುವವಳು ಧಾರಾಳಿ, ಪಾದ ಉಪ್ಪಿನಕಾಯಿಯಾಗುವಷ್ಟು ಸುರಿದಳು. ಕಮ್ಮಾರನ ಅಂಗಡಿಯಿಂದ ತಂದ ಲಾಳ ಸಾಮಾನ್ಯ ಕುದುರೆಯದಲ್ಲ, ಗಾಡಿ ಎಳೆಯುವ ಭಾರೀ ಕುದುರೆಯದು. ಹಳೆಯ ಹುರಿಯೊಂದರಲ್ಲಿ ಅದನ್ನು ಕಟ್ಟಿ ಎಜಿಸ್ತೊನ ಕುತ್ತಿಗೆಗೆ ತೂಗುಬಿಟ್ಟಾಗ ಅವನ ತಲೆ ತಾನಾಗಿಯೇ ಬಾಗಿತು.

ಅಷ್ಟರಲ್ಲಿ ಪಾದ್ರಿ ದೊನ್ ಅನ್ಸೆಲ್ಮೊ ಬಂದರು. ಎರಡು ಕೇರಿಗೂ ಇದ್ದವರು ಇವರೊಬ್ಬರೇ ಪಾದ್ರಿ. ಗೋಪುರಕೇರಿಯ ಇಗರ್ಜಿಗೆ ಅವರ ಬಿಲ್ಲುಗಾರ್ತಿಯ ಪಾಪನಿವೇದನೆ ಕೇಳಲು ಹೊರಟಿದ್ದವರು, ಗದ್ದಲ ನೋಡಿ ನಿಂತರು.

“ಏನ್ರಪ್ಪಾ ಇದು? ದೇವರಿದಾನೆ ಮೇಲೆ. ಒಂದು ಒಳ್ಳೆ ಮಾತಿಂದ ಕೆಟ್ಟದ್ದಾಗುತ್ತೆ ಅನ್ನೋದು ಮೂಢನಂಬಿಕೆ. ಪಾಪ ಅದು!” ಅಂದರು. ಅನ್ನುವಾಗ ಅವರ ಬಲಗೈ ನಿಲುವಂಗಿಯ ಜೇಬಿನಲ್ಲಿ ಇಗರ್ಜಿಯ ಕಬ್ಬಿಣದ ಬೀಗದಕೈಯನ್ನು ಬಿಗಿಯಾಗಿ ಹಿಡಿದಿತ್ತು.

“ಹಾಗಾದ್ರೆ ನಿಮ್ಗೊಂದ್ಸಲ ಒಳ್ಳೇದಾಗ್ಲಿ ಅನ್ಲಾ ಸ್ವಾಮೀ?” ಅಂದ ಎಜಿಸ್ತೊ, ಅವರಾದರೂ ತನ್ನ ಪರ ನಿಂತರಲ್ಲ ಅಂತ.

ದೊನ್ ಅನ್ಸೆಲ್ಮೊ ಮೂರು ಹೆಜ್ಜೆ ಹಿಂದೆ ಹಾರಿದರು. “ಬಾಯ್ಮುಚ್ಚೋ ಮುಠ್ಠಾಳ! ಸಂಜೆ ಬಿಷಪ್ಪರು ಬರೋರಿದಾರೆ!”

ಕೊನೆಗೆ ಪರಿಹಾರ ಹೇಳಿದವಳೂ ಜೆಲಿಂದಜ್ಜಿಯೇ. “ತಕ್ಕಡಿ ಒಂದು ಕಡೆ ವಾಲಿದೆ. ಇನ್ನೊಂದು ಕಡೆಗೂ ಅಷ್ಟೇ ಭಾರ ಹಾಕಿದ್ರೆ ಸಮ ಆಗುತ್ತೆ. ಇವನೇ ಹೋಗಿ, ಇದೇ ಬಾಯಲ್ಲಿ, ಇದೇ ಮಾತನ್ನ ಗೋಪುರಕೇರಿ ಬಿಲ್ಲುಗಾರ್ತಿ ಎರ್ಸೀಲಿಯ ಕಿವಿಗೆ ಹಾಕ್ಬರ್ಲಿ. ಕಹಳೆ ಊದೋದ್ರೊಳಗೆ ಆಗ್ಬೇಕು.”

ಕೇರಿಗೆ ಕೇರಿಯೇ ಚಪ್ಪಾಳೆ ತಟ್ಟಿತು. ಚಪ್ಪಾಳೆ ತಟ್ಟುವವರು ತಾವು ಹೋಗುವುದಿಲ್ಲವಲ್ಲ.

ಇಯೊಲಾಂದ ಗುಂಪನ್ನು ಸೀಳಿಕೊಂಡು ಬಂದು ಅವನ ತಿರುಗಿಸಿದ ಅಂಗಿಯ ಗುಂಡಿ ಹಾಕಿದಳು. ಹೊಲಿಗೆಯೆಲ್ಲ ಹೊರಗೆ ಕಾಣುತ್ತಿದ್ದ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಲಿವೊರ್ನೊ ಬಸ್ಸು ನಾಳೆ ಬೆಳಿಗ್ಗೆ ಇದೆ” ಅಂದಳು. ಅಷ್ಟೇ.

ಎಜಿಸ್ತೊ ಹೊರಟ. ಹೆಜ್ಜೆಗೊಮ್ಮೆ ಬೂಟಿನಲ್ಲಿ ಉಪ್ಪು ಕರಕರ ಅಂದಿತು, ಲಾಳ ಎದೆಗೆ ಬಡಿಯಿತು.

ಗೋಪುರಕೇರಿ ಬೆಟ್ಟದ ಮೇಲ್ಭಾಗ. ಅಲ್ಲಿಗೆ ಹೋಗಲು ಇರುವುದು ಒಂದು ಕಮಾನು ಬಾಗಿಲು. ಅವನು ಅದರ ಹತ್ತಿರ ಬರುವ ಮೊದಲೇ ಸುದ್ದಿ ಬಂದಿತ್ತು. ಬಾಗಿಲಲ್ಲಿ ಕಾಯುತ್ತಿದ್ದ ಹೆಂಗಸರು ಅವನನ್ನು ಕಂಡದ್ದೇ ಬೊಬ್ಬೆ ಹಾಕಿದರು: “ಬಂದ ಕಣ್ರೇ! ಕರಿನಾಲಿಗೆ ಬಂದ! ಕಿವಿ ಮುಚ್ಕೊಳ್ರೇ!”

ಸೌಟು, ಬೋಗುಣಿ, ಮುಚ್ಚಳ ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯತೊಡಗಿದರು. ಎಜಿಸ್ತೊ ಬಾಯಿ ತೆರೆದರೆ ಸಾಕು ಬಡಿತ ಜೋರಾಗುತ್ತಿತ್ತು. ಗಂಡಸರು ಕಿವಿಗೆ ಬ್ರೆಡ್ಡಿನ ತಿರುಳು ತುರುಕಿಕೊಂಡು ಪೊರಕೆ ಹಿಡಿದು ಅಡ್ಡ ನಿಂತರು.

“ಹೊರಗೇ ನಿಂತು ಹೇಳ್ತೀನ್ರಪ್ಪಾ! ಒಂದೇ ಮಾತು!”

“ಏನಂದೆ? ಕೇಳ್ಸಲ್ಲ!”

“ಎರ್ಸೀಲಿಯ ಎಲ್ಲಿದಾಳೆ ಅಂದೆ!”

“ಕೇಳ್ಸಲ್ಲ ಅಂದ್ನಲ್ಲಾ! ಅವಳು ಇಗರ್ಜೀಲಿದಾಳೆ ಅಂತ ನಿಂಗ್ಯಾಕೆ ಹೇಳ್ಬೇಕು?”

ಎಜಿಸ್ತೊ ತಿರುಗಿ ಓಡಿದ. ಸೋತು ಓಡಿದ ಅಂತ ಅವರು ಕುಣಿದಾಡುತ್ತಿರುವಾಗ, ಅವನು ಆಲಿವ್ ತೋಪಿನ ಹಿಂದಿನಿಂದ ಗೋಡೆ ಹತ್ತಿ, ಯಾರದೋ ಟೊಮೆಟೊ ಪಾತಿಗೆ ಬಿದ್ದು, ಯಾರದೋ ಕೋಳಿಗೂಡಿನ ಪಕ್ಕದಿಂದ ನುಸುಳಿ ಇಗರ್ಜಿಯ ಹಿಂಬಾಗಿಲಿಗೆ ಬಂದ. ಕೋಳಿಗಳು ಕೂಗಿದವು. ಪೊರಕೆಗಳು ಈ ಕಡೆ ತಿರುಗಿದವು. ಅವನು ಒಳಗೆ ನುಗ್ಗಿ, ಕತ್ತಲಲ್ಲಿ ಮೊದಲು ಕೈಗೆ ಸಿಕ್ಕ ಬಾಗಿಲು ತೆಗೆದು, ಒಳಸೇರಿ ಎಳೆದುಕೊಂಡ.

ಅದು ಪಾಪನಿವೇದನೆಯ ಗೂಡು. ಅವನು ಕೂತದ್ದು ಪಾದ್ರಿಗಳ ಪೀಠದ ಮೇಲೆ.

ಮರದ ಜಾಲರಿಯ ಆಚೆಯಿಂದ ಭಾರವಾದ ದೇಹವೊಂದು ಮಂಡಿಯೂರಿದ ಸದ್ದು ಬಂತು. “ಇಷ್ಟೊತ್ತು ಮಾಡಿದ್ರಲ್ಲ ಸ್ವಾಮೀ, ಮಂಡಿ ನೋಯ್ತು ಕಾದು ಕಾದು” ಅಂದಿತು ಒಂದು ದಪ್ಪ ದನಿ. ಎರ್ಸೀಲಿಯ. ಊರಿನ ಬಸ್ಸು ಓಡಿಸುವವಳು, ಗೋಪುರಕೇರಿಯ ಬಿಲ್ಲುಗಾರ್ತಿ. ಅವಳು ಸ್ಟೇರಿಂಗು ತಿರುಗಿಸಿದರೆ ಬಸ್ಸಲ್ಲ, ಬೆಟ್ಟವೇ ತಿರುಗುತ್ತದೆ ಅಂತ ಊರವರು ಹೇಳುತ್ತಾರೆ.

ಎಜಿಸ್ತೊ ಪೀಠದ ಮೇಲೆ ನೆಟ್ಟಗೆ ಕೂತ. “ಹೂಂ” ಅಂದ.

“ದೊಡ್ಡ ಪಾಪ ಏನಿಲ್ಲ ಸ್ವಾಮೀ. ನನ್ನ ಗಂಡ ಕದ್ದು ಕದ್ದು ಬಾವಿಕೇರಿ ಎಜಿಸ್ತೊನ ಹತ್ರ ತಲೆ ಕೊಡ್ತಾನೆ. ಗೊತ್ತಿದ್ದೂ ಕೇರಿಯೋರಿಗೆ ಹೇಳಿಲ್ಲ.”

“ಅದು ಪಾಪ ಅಲ್ಲ ಮಗಳೇ” ಅಂದ ಎಜಿಸ್ತೊ, ದನಿ ದಪ್ಪ ಮಾಡಿ. “ಅವನ ಕೈ ತುಂಬಾ ನಾಜೂಕು.”

“ನಾಜೂಕೇನು ಮಣ್ಣು! ಕಿವಿ ಹಿಂದೆ ಹಾಗೇ ಬಿಟ್ಟಿರ್ತಾನೆ.”

ಎಜಿಸ್ತೊನಿಗೆ ಸಿಟ್ಟು ಬಂತು. ಆದರೆ ವಾದಿಸುವ ಹೊತ್ತಲ್ಲ. ಹೊರಗೆ ಪೊರಕೆಗಳ ಸದ್ದು ಹತ್ತಿರವಾಗುತ್ತಿತ್ತು. ಜಾಲರಿಗೆ ಬಾಯಿ ಹಚ್ಚಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿದ: “ಹೋಗಿ ಬಾ ಮಗಳೇ. ಒಳ್ಳೇದಾಗ್ಲಿ.”

ಆಚೆ ಕಡೆಯಿಂದ ಎದ್ದ ಕಿರುಚಾಟಕ್ಕೆ ಗೋಪುರದ ಪಾರಿವಾಳಗಳೆಲ್ಲ ಎದ್ದು ಹಾರಿದವು. ಎರ್ಸೀಲಿಯ ಜಾಲರಿಯೊಳಗಿಂದ ಕೈ ತೂರಿಸಲು ನೋಡಿದಳು. ಆಗದಿದ್ದಾಗ ಗೂಡನ್ನೇ ಹಿಡಿದು ಅಲ್ಲಾಡಿಸಿದಳು. ಎಜಿಸ್ತೊ ಬಾಗಿಲಿನಿಂದ ಹೊರಬಿದ್ದು, ಅದೇ ಕ್ಷಣಕ್ಕೆ ಒಳಗೆ ಬರುತ್ತಿದ್ದ ದೊನ್ ಅನ್ಸೆಲ್ಮೊರವರ ಹೊಟ್ಟೆಗೆ ಡಿಕ್ಕಿ ಹೊಡೆದು, “ತಪ್ಪಾಯ್ತು ಸ್ವಾಮೀ, ಇದನ್ನ ಬರೋ ವಾರ ನಿವೇದನೆ ಮಾಡ್ತೀನಿ” ಅಂತ ಕೂಗುತ್ತಾ ಇಳಿಜಾರಿನಲ್ಲಿ ಉರುಳಿಕೊಂಡೇ ಬಾವಿಕೇರಿ ಸೇರಿದ. ಬೆನ್ನಿಗೆ ಎರಡು ಪೊರಕೆ ಬಿದ್ದಿದ್ದವು. ಅಂಗಿಯ ಒಳಮಗ್ಗುಲು ಟೊಮೆಟೊ ರಸದಲ್ಲಿ ಕೆಂಪಾಗಿತ್ತು.

“ಹೇಳ್ದೆ! ಕಿವೀಲೇ ಹೇಳ್ದೆ!” ಅಂದ ಏದುಸಿರಲ್ಲಿ.

ಫೋಲ್ಕೊನ ಮುಖಕ್ಕೆ ಸ್ವಲ್ಪ ರಕ್ತ ಬಂತು. ಆದರೆ ಗಾಸ್ತೊನೆಗೆ ನಂಬಿಕೆಯಿರಲಿಲ್ಲ. “ಇನ್ನೊಂದು ಮಾತು ಇವನ ಬಾಯಿಂದ ಉದುರಬಾರ್ದು” ಅಂತ ಒಂದು ಇಡೀ ಬನ್ನನ್ನು ಎಜಿಸ್ತೊನ ಬಾಯಿಗೆ ತುರುಕಿದ. ಕೊರಳಪಟ್ಟಿ ಹಿಡಿದುಕೊಂಡೇ ಕೋಟೆಯ ಕೆಳಗಿನ ಪಂದ್ಯದ ಬಯಲಿಗೆ ನಡೆಸಿದ.

ಬಯಲಿನ ಆ ತುದಿಯಲ್ಲಿ ಕಾಡುಹಂದಿಯಾಕಾರದ ಹಲಗೆ, ಅದರ ಎದೆಯಲ್ಲಿ ಅಂಗೈಯಗಲದ ಕೆಂಪು ಬೊಟ್ಟು. ಒಬ್ಬೊಬ್ಬರಿಗೆ ಮೂರು ಬಾಣ. ಕೆಂಪಿಗೆ ಹೆಚ್ಚು ಹೊಡೆದವರ ಕೇರಿಗೆ ರೇಷ್ಮೆ ಬಾವುಟ. ಕಹಳೆ ಊದಿತು. ಎಜಿಸ್ತೊ ಗಾಸ್ತೊನೆಯ ಪಕ್ಕದಲ್ಲಿ ಬಾಯಿ ತುಂಬ ಬನ್ನು ಕಚ್ಚಿಕೊಂಡು, ಹಬ್ಬಕ್ಕೆ ಹುರಿದಿಟ್ಟ ಹಂದಿಮರಿಯ ಹಾಗೆ ನಿಂತಿದ್ದ. ಹೆಂಗಸರ ಸಾಲಿನಲ್ಲಿ ಇಯೊಲಾಂದ ಅವನನ್ನಾಗಲಿ ಹಲಗೆಯನ್ನಾಗಲಿ ನೋಡದೆ ಆಕಾಶ ನೋಡುತ್ತಿದ್ದಳು.

ಎರ್ಸೀಲಿಯ ಮೊದಲ ಬಾಣ ಬಿಟ್ಟಳು. ಕೆಂಪು. ಫೋಲ್ಕೊ ಬಿಟ್ಟ. ಕೆಂಪು! ಎರ್ಸೀಲಿಯ ಎರಡನೆಯದು ಬಿಟ್ಟಳು. ಕೆಂಪು. ಫೋಲ್ಕೊನದೂ ಕೆಂಪಿನ ಅಂಚಿಗೆ ಕಚ್ಚಿ ನಿಂತಿತು. ಎರಡೂ ಕೇರಿ ಸಮ.

ಮೂರನೆಯ ಬಾಣಕ್ಕೆ ಎರ್ಸೀಲಿಯ ಹೆದೆಯನ್ನು ಕಿವಿಯವರೆಗೆ ಎಳೆದಳು. ಅದು ಗೂಡಿನಲ್ಲಿ ಮಾತು ಬಿದ್ದ ಕಿವಿ. ಹೆದೆ ತಾಗಿದ್ದೇ ಮಾತು ನೆನಪಾಯಿತು. ಅಂಥ ಮಾತು ನೆನಪಾದರೆ ನಮ್ಮೂರಿನವರ ಕೈ ತಾನಾಗಿ ಕಬ್ಬಿಣ ಹುಡುಕುತ್ತದೆ. ಅವಳ ಬಲಗೈ ಹೆದೆ ಬಿಟ್ಟು ಸೊಂಟದಲ್ಲಿದ್ದ ಬಸ್ಸಿನ ಕೀಲಿಕೈಗೆ ಹೋಯಿತು. ಬಾಣ ಯಾರನ್ನೂ ಕೇಳದೆ ಹೊರಟು, ಹಂದಿಗೆ ಬೆನ್ನು ಮಾಡಿ, ನಜ್ಜರೇನೊನ ನಗಾರಿಯ ಚರ್ಮ ಸೀಳಿಕೊಂಡು ಒಳಗೆ ಹೋಗಿ ಮಲಗಿತು.

“ನನ್ನ ನಗಾರಿ!” ಅಂದ ನಜ್ಜರೇನೊ.

“ಬಿಡೋ ನಿನ್ನ ನಗಾರಿ! ಇನ್ನೊಂದೇ ಬಾಣ! ಇನ್ನೊಂದೇ!” ಅಂದ ಗಾಸ್ತೊನೆ.

ಗೆಲುವು ಕೈಗೆಟುಕಿದಾಗ ಕೈ ನಡುಗುವುದು ಬಾವಿಕೇರಿಯವರ ಹುಟ್ಟುಗುಣ. ಫೋಲ್ಕೊ ಹೆದೆಯೇನೋ ಎಳೆದ, ಬಿಡಲಾರದಾದ. ಬಾಣದ ತುದಿ ಹಂದಿಯ ಮೂತಿಗೆ ಹೋಯಿತು, ಬಾಲಕ್ಕೆ ಬಂತು, ಆಮೇಲೆ ಮೇಯರನ ಕಡೆ ತಿರುಗಿತು. ಮೇಯರ ಅನುಭವಸ್ಥ, ಟೋಪಿ ತೆಗೆದು ಕುರ್ಚಿಯ ಕೆಳಗೆ ಕೂತ.

ಎಜಿಸ್ತೊನಿಗೆ ಲಿವೊರ್ನೊ ಬಸ್ಸು ಹೊರಡುವುದು ಕಣ್ಣಿಗೆ ಕಟ್ಟಿತು. “ಬಿಡೋ!” ಅಂತ ಕೂಗಬೇಕೆನ್ನಿಸಿತು. ಬಾಯಲ್ಲಿ ಬನ್ನು. ನುಂಗಲು ನೋಡಿದ, ಗಂಟಲಿಗೆ ಸಿಕ್ಕಿಕೊಂಡಿತು. ಮೈ ಅದುರುವ ಹಾಗೆ ಒಂದು ಕೆಮ್ಮು ಬಂತು. ಬನ್ನು ಒಂದು ಕಡೆ ಹಾರಿತು. ಹಳೆಯ ಹುರಿ ತುಂಡಾಗಿ ಗಾಡಿಕುದುರೆಯ ಲಾಳ ನೇರವಾಗಿ ಗಾಸ್ತೊನೆಯ ಕಾಲಿನ ಹೆಬ್ಬೆಟ್ಟಿನ ಮೇಲೆ ಬಿತ್ತು.

ಗಾಸ್ತೊನೆ ಹಾಕಿದ ಕೂಗಿಗೆ ಫೋಲ್ಕೊ ಬೆಚ್ಚಿಬಿದ್ದ. ಬೆರಳು ಸಡಿಲಾದವು. ಬಾಣ ಹೋಯಿತು.

ಹಂದಿಯ ಎದೆಯ ಕೆಂಪಿನ ನಟ್ಟನಡುವೆ ನಾಟಿ, ಇನ್ನೂ ಅಲ್ಲಾಡುತ್ತಿತ್ತು.

ಆಮೇಲಿನದನ್ನು ಏನು ಹೇಳುವುದು! ಬೆಳಿಗ್ಗೆ ಕೈಕಾಲು ಹಿಡಿದೆಳೆದವರೇ ಎಜಿಸ್ತೊನನ್ನು ಹೆಗಲ ಮೇಲೆ ಹೊತ್ತರು. ಜೆಲಿಂದಜ್ಜಿ ಬಿದ್ದ ಲಾಳ ಎತ್ತಿ ಹಿಡಿದು “ನನ್ನ ಲಾಳ! ನನ್ನ ಉಪ್ಪು!” ಅಂತ ಎಲ್ಲರ ತಲೆ ತಿಂದಳು. ಗಾಸ್ತೊನೆ ಊದಿದ ಹೆಬ್ಬೆಟ್ಟನ್ನು ನೀವಿಕೊಂಡು, ಕುಂಟುತ್ತಲೇ ಬಂದು, “ಭಾವಾ!” ಅಂತ ಎಜಿಸ್ತೊನ ಎರಡೂ ಕೆನ್ನೆಗೆ ಮುತ್ತಿಟ್ಟ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಭಾವಾ ಅಂದಿದ್ದ. ಇಯೊಲಾಂದ ಆಕಾಶದಿಂದ ಕಣ್ಣು ಇಳಿಸಿ ಅವನನ್ನು ನೋಡಿ ನಕ್ಕಳು. ಆ ನಗುವಿಗೆ ಅವನ ಬೂಟಿನೊಳಗಿನ ಉಪ್ಪೆಲ್ಲ ಸಕ್ಕರೆಯಾಯಿತು.

ಸಂಜೆ ಬಾವಿಕೇರಿಯ ಬೀದಿಯುದ್ದಕ್ಕೂ ಮೇಜು ಹಾಕಿದರು. ಹಂದಿಮಾಂಸದ ಗೊಜ್ಜು ಸುರಿದ ಪೀಚಿ ಅನ್ನುವ ದಪ್ಪ ಶಾವಿಗೆ ಹಬೆಯಾಡುತ್ತಿತ್ತು. ಸೋತ ಕೇರಿಯ ಬಿಲ್ಲುಗಾರರು ಗೆದ್ದ ಕೇರಿಗೆ ವೈನು ಬಡಿಸಬೇಕು ಅನ್ನುವುದು ಪದ್ಧತಿ. ಎರ್ಸೀಲಿಯ ಮುಖ ಗಂಟುಹಾಕಿಕೊಂಡು ಲೋಟದಿಂದ ಲೋಟಕ್ಕೆ ಹೋಗುತ್ತಿದ್ದಳು. ಎಜಿಸ್ತೊನ ಲೋಟಕ್ಕೆ ಮಾತ್ರ ದೂರದಿಂದಲೇ ಕೈ ಚಾಚಿ ಸುರಿದಳು. ಅವನು ಮನೆಗೆ ಹೋಗಿ ಅಂಗಿ ಬದಲಾಯಿಸಲು ಎದ್ದಾಗಲೆಲ್ಲ ಯಾರಾದರೊಬ್ಬರು ಹೆಗಲು ಅದುಮಿ ಕೂರಿಸುತ್ತಿದ್ದರು. ಪ್ರೀತಿ ಅಂದುಕೊಂಡ. ಜೇಬಿನಲ್ಲಿ ಎಷ್ಟೋ ವರ್ಷದಿಂದ ಕಾದಿಟ್ಟ ಉಂಗುರವನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡ. ಎದುರಿಗೆ ಇಯೊಲಾಂದ ಹಸಿರು ಲಂಗ ತೊಟ್ಟು ಕೂತಿದ್ದಳು.

ಗಾಸ್ತೊನೆ ಲೋಟ ಹಿಡಿದು ಎದ್ದ.

“ಬಾವಿಕೇರಿಯ ಬಂಧುಗಳೇ! ನನ್ನದೊಂದು ಆಣೆ ಇತ್ತು. ನಿಮ್ಗೆಲ್ಲ ಗೊತ್ತು. ಇವತ್ತು ಆ ಆಣೆ ತೀರಿತು!”

“ತೀರಿತು!” ಅಂತ ಮೇಜುಗಳು ಗುಡುಗಿದವು. ಎಜಿಸ್ತೊ ಉಂಗುರ ಹಿಡಿದು ಅರ್ಧ ಎದ್ದ.

“ಆದ್ರೆ” ಅಂದ ಗಾಸ್ತೊನೆ, “ಆಣೆಗಿಂತ ಕಟ್ಟಳೆ ದೊಡ್ಡದು. ಗೆದ್ದ ವರ್ಷ ಹೇಗಿತ್ತೋ ಹಾಗೇ ಇರ್ಬೇಕು. ಏನೂ ಬದಲಾಗ್ಬಾರ್ದು. ಅದಕ್ಕೇ ಹಿರಿಯರೆಲ್ಲ ಕೂತು ತೀರ್ಮಾನ ಮಾಡಿದೀವಿ. ನಜ್ಜರೇನೊ ಇನ್ನು ಕುಂಟೋ ಹಾಗಿಲ್ಲ, ಬೆಳಿಗ್ಗೆ ಅವನು ಕುಂಟ್ದೆ ಓಡಿದ್ದ. ಕುಂಟೋನು ನಾನು. ನಗಾರಿ ಹೊಲಿಯೋ ಹಾಗಿಲ್ಲ. ಅಂಗಡೀಲಿರೋ ಹಂದಿತೊಡೆಯಿಂದ ಬಾಣ ಕೀಳೋ ಹಾಗಿಲ್ಲ. ಎಜಿಸ್ತೊ ಪ್ರತಿ ವರ್ಷ ಇದೇ ಅಂಗಿ, ತೊಳೀದೆ, ಹೀಗೇ ತಿರುಗ್ಸಿ ಹಾಕ್ಕೋಬೇಕು. ಉಪ್ಪು, ಲಾಳ, ಬನ್ನು ಎಲ್ಲಾ ಕೇರಿ ಖರ್ಚು.”

“ಖರ್ಚು ಕೇರೀದು!” ಅಂದರು ಎಲ್ಲರೂ.

“ಇನ್ನೊಂದು.” ಗಾಸ್ತೊನೆ ಎಜಿಸ್ತೊನ ಹೆಗಲ ಮೇಲೆ ಕೈಯಿಟ್ಟ. ಕಣ್ಣಲ್ಲಿ ನೀರಿತ್ತು. “ಇವತ್ತು ಗೆದ್ದಾಗ ನಮ್ಮ ಎಜಿಸ್ತೊ ಬ್ರಹ್ಮಚಾರಿ. ಮುಂದಿನ ವರ್ಷ ಗೆಲ್ಲೋವಾಗ್ಲೂ ಬ್ರಹ್ಮಚಾರಿ! ಎಂಥಾ ತ್ಯಾಗ ನೋಡಿ!”

ಬೀದಿಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು.

“ನಾಯಕ್ರೇ... ಗೆಲ್ಲೋವರೆಗೆ ಮದುವೆ ಇಲ್ಲ ಅಂದಿದ್ರಿ” ಅಂದ ಎಜಿಸ್ತೊ. ಉಂಗುರ ಇನ್ನೂ ಕೈಯಲ್ಲಿತ್ತು.

“ಅದು ನಿನ್ನೆ. ಇನ್ನು ಸೋಲೋವರೆಗೆ ಮದುವೆ ಇಲ್ಲ. ಸೋತ ದಿನವೇ ನಾನೇ ನಿಂತು ಮಾಡಿಸ್ತೀನಿ, ಆಯ್ತಾ? ನನ್ನಾಣೆ!”

ಇಯೊಲಾಂದ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಹೋದಳು.

ಎಜಿಸ್ತೊನಿಗೆ ಹುಟ್ಟಿದಂದಿನಿಂದ ಬರದಿದ್ದ ಸಿಟ್ಟು ಅವತ್ತು ಬಂತು. ಮೇಜಿನ ಮೇಲೆ ಹತ್ತಿ ನಿಂತ. ಪೀಚಿಯ ತಟ್ಟೆಯೊಂದು ಬೂಟಿನಡಿ ಪುಡಿಯಾಯಿತು. ಇಡೀ ಬದುಕಿಗೆ ಕೊಳ್ಳಿಯಿಡಬಲ್ಲ ಮಾತು ತನ್ನ ಹತ್ತಿರ ಒಂದೇ ಒಂದು ಇದೆ ಅಂತ ಅವನಿಗೆ ಗೊತ್ತಿತ್ತು. ಫೋಲ್ಕೊನ ಕಡೆ ಬೆರಳು ತೋರಿಸಿ, ಬೆಟ್ಟದ ಆಚೆ ಬದಿಗೂ ಕೇಳುವ ಹಾಗೆ ಕೂಗಿದ: “ಮುಂದಿನ ವರ್ಷದ ಪಂದ್ಯಕ್ಕೆ... ಒಳ್ಳೇದಾಗ್ಲಿ! ಒಳ್ಳೇದಾಗ್ಲಿ! ಒಳ್ಳೇದಾಗ್ಲಿ!”

ಫೋಲ್ಕೊ ಮೆಲ್ಲಗೆ ಎದ್ದ. ಎಜಿಸ್ತೊನ ಬೂಟನ್ನು ಅಪ್ಪಿಕೊಂಡ.

“ಇವತ್ತೇ ಹೇಳ್ಬಿಟ್ಯಲ್ಲ ಮಾವಾ!” ಅಂದ ಗದ್ಗದಿತನಾಗಿ. “ನಮ್ಮನ್ನ ಗೆಲ್ಲಿಸಿದ ಮಾತದು! ಇನ್ನು ವರ್ಷವಿಡೀ ನಿಶ್ಚಿಂತೆಯಾಗಿ ಮಲಗ್ತೀನಿ!”

“ನಂಗೂ ಹೇಳೋ ಎಜಿಸ್ತೊ!” ಅಂದ ನಜ್ಜರೇನೊ. “ಮಂಡಿ ನೋವಿದೆ.”

“ನನ್ನ ಸೊಸೆಗೂ ಹೇಳಪ್ಪಾ, ದಿನ ತುಂಬಿವೆ!”

ಕ್ಷಣದಲ್ಲಿ ಬಾವಿಕಟ್ಟೆಯವರೆಗೆ ಸಾಲು ನಿಂತಿತು. ಎಜಿಸ್ತೊ ಹಲ್ಲು ಕಚ್ಚಿ ಒಬ್ಬೊಬ್ಬರಿಗೂ ಶಾಪ ಹಾಕುವ ಹಾಗೆ “ಒಳ್ಳೇದಾಗ್ಲಿ, ಒಳ್ಳೇದಾಗ್ಲಿ” ಅನ್ನುತ್ತಾ ಹೋದ. ಅವರು ಕಣ್ಣಿಗೊತ್ತಿಕೊಂಡು ಹೋದರು. ಜೆಲಿಂದಜ್ಜಿ ಎರಡು ಸಲ ಸಾಲಿನಲ್ಲಿ ಬಂದಳು.

ಸಾಲಿನ ಕೊನೆಗೆ ಇಯೊಲಾಂದ ನಿಂತಿದ್ದಳು.

“ನಿಂಗೂ ಹೇಳ್ಬೇಕಾ?” ಅಂದ ಎಜಿಸ್ತೊ. ಗಂಟಲು ಬಿದ್ದುಹೋಗಿತ್ತು.

“ಬಾಯ್ಮುಚ್ಚು. ಇನ್ನು ಆ ನಾಲಿಗೆಯಿಂದ ಏನೂ ಆಗಲ್ಲ.” ಅವಳು ಬೀದಿಯ ಆ ತುದಿಗೆ ಕಣ್ಣು ಹಾಯಿಸಿದಳು. ಅಲ್ಲಿ ಎರ್ಸೀಲಿಯ ಖಾಲಿ ಪೀಪಾಯಿ ಹೆಗಲಿಗೇರಿಸಿ ಗೋಪುರಕೇರಿಯ ಕಡೆ ಹತ್ತುತ್ತಿದ್ದಳು. “ನಾನು ಎರ್ಸೀಲಿಯ ಜೊತೆ ಮಾತಾಡಿ ಬಂದೆ.”

“ಏನಂತ?”

ಇಯೊಲಾಂದ ಅಕ್ಕಪಕ್ಕ ನೋಡಿದಳು. ಅಣ್ಣ ದೂರದಲ್ಲಿ ಕುಂಟುವುದನ್ನು ಅಭ್ಯಾಸ ಮಾಡುತ್ತಿದ್ದ. ಅವಳು ಎಜಿಸ್ತೊನ ಕಿವಿಗೆ ಬಾಯಿಟ್ಟಳು.

“ಮುಂದಿನ ವರ್ಷಕ್ಕೆ, ತೋಳದ ಬಾಯಿಗೆ ಬೀಳಮ್ಮಾ ಅಂದೆ.”

ಎಜಿಸ್ತೊ ಮೇಜಿನ ಮೇಲಿದ್ದ ಲಾಳವನ್ನು ಎತ್ತಿ ಎದೆಗೊತ್ತಿ ಹಿಡಿದ. ಪಿಸುದನಿಯಲ್ಲಿ ಅಂದ:

“ಸಾಯ್ಲಿ ತೋಳ.”